ಜಗಲಿಯ ಸಸಿಗಳಿಗೆ ದೀಪ: ಮನೆಯ ವೈರಿಂಗ್ ತಡೆದೀತೇ?

ಪ್ರಶ್ನೆ: ಮಳೆಗಾಲದಲ್ಲಿ ಬಿಸಿಲೇ ಇಲ್ಲ. ಒಳಜಗಲಿಯ ಸಸಿಗಳಿಗೆ 100 ವ್ಯಾಟಿನ ನಾಲ್ಕು ಎಲ್‌ಇಡಿ ಗ್ರೋ ಲೈಟ್ ಹಾಕಬಹುದೇ?
– ಓದುಗರು, ಸಿದ್ದಾಪುರ

ಉತ್ತರ: ಧಾರಾಳವಾಗಿ ಹಾಕಿ, ವೈರು ಗಟ್ಟಿಯಿದ್ದರೆ. 400 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 1.75 ಆಂಪಿಯರ್. ದೀಪ-ಫ್ಯಾನುಗಳ ಸರ್ಕ್ಯೂಟಿಗೆ ಸಾಮಾನ್ಯವಾಗಿ 6 ಆಂಪಿಯರಿನ ಎಂಸಿಬಿ ಇರುತ್ತದೆ, ಅಂದರೆ 1380 ವ್ಯಾಟ್. ಗಂಟೆಗಟ್ಟಲೆ ಉರಿಸುವಾಗ ಅದರ ಮುಕ್ಕಾಲು ಪಾಲು ದಾಟಬೇಡಿ; ಅದೇ ಲೈನಿನ ಟಿವಿ, ಫ್ಯಾನನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಮ್ಮ ಕಡೆಯ ನಿಜವಾದ ತೊಡಕು ವೋಲ್ಟೇಜಿನದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಂಟಿಮನೆಗಳಿಗೆ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ದೂರದ ಲೈನು. ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತಿದಾಗ ವೋಲ್ಟೇಜ್ ಇಳಿಯುತ್ತದೆ. ಹಳೆಯ ಬಲ್ಬಾದರೆ ಮಂಕಾಗುತ್ತಿತ್ತು. ಒಳ್ಳೆಯ ಎಲ್‌ಇಡಿ ಡ್ರೈವರ್ ಬೆಳಕು ಕುಗ್ಗದಂತೆ ಹೆಚ್ಚು ಕರೆಂಟು ಎಳೆಯುತ್ತದೆ. 170 ವೋಲ್ಟಿಗೆ ಇಳಿದರೆ 1.75 ಇದ್ದದ್ದು 2.35 ಆಂಪಿಯರ್ ಆಗುತ್ತದೆ, ವೈರಿನ ಬಿಸಿ ಸುಮಾರು 1.8 ಪಟ್ಟು ಏರುತ್ತದೆ. ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ. ಪೆಟ್ಟು ತಿನ್ನುವುದು ಸಡಿಲ ಸಾಕೆಟ್ಟು, ತೆಳು ಎಕ್ಸ್‌ಟೆನ್ಷನ್ ವೈರು. ಒಂದು ತಾಸು ಉರಿಸಿ, ಸ್ವಿಚ್ ಆರಿಸಿ, ಪ್ಲಗ್ಗಿನ ಮೈ ಮುಟ್ಟಿ ನೋಡಿ. ಬಿಸಿಯಿದ್ದರೆ ಸಾಕೆಟ್ ಬದಲಿಸಿ. ಮರದ ಪಟ್ಟಿಯ ಹಳೆ ವೈರಿಂಗ್ ಇದ್ದರೆ 2.5 ಚದರ ಮಿ.ಮೀ. ತಾಮ್ರದ ಬೇರೆ ಲೈನನ್ನೇ ಎಳೆಸಿ.

ನೀರು ಹಾಕುವ ಜಾಗ, ತೇವದ ಗೋಡೆ. ಹಾಗಾಗಿ ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಇಲ್ಲದೆ ದಯವಿಟ್ಟು ಹಚ್ಚಬೇಡಿ.

ದಿನಕ್ಕೆ 12 ತಾಸಾದರೆ ತಿಂಗಳಿಗೆ 144 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿದ್ದರೆ ನೆನಪಿಡಿ: ಒಟ್ಟು ಬಳಕೆ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲು ನೀವೇ ಕಟ್ಟಬೇಕು.