ನಾನೂರು ಚಾನೆಲ್ ಇದ್ದರೂ ನೋಡಲು ಏನೂ ಸಿಗುವುದಿಲ್ಲ, ಯಾಕೆ?

ರಿಮೋಟ್ ಹಿಡಿದು ಒಂದನೇ ಚಾನೆಲ್‌ನಿಂದ ಹೊರಟು, ಊರೆಲ್ಲಾ ಸುತ್ತಿ, ಮತ್ತೆ ಅಲ್ಲಿಗೇ ಬಂದು ನಿಲ್ಲುವವರು ನಿಮ್ಮ ಮನೆಯಲ್ಲೂ ಇರಬಹುದು. ಒಂದು ಸಣ್ಣ ಲೆಕ್ಕ ಹಾಕೋಣ. ಒಂದೊಂದು ಚಾನೆಲ್‌ಗೆ ಬರೀ 5 ಸೆಕೆಂಡ್ ಕೊಟ್ಟರೂ 400 ಚಾನೆಲ್ ಮುಗಿಸಲು 2,000 ಸೆಕೆಂಡ್, ಅಂದರೆ 33 ನಿಮಿಷ ಬೇಕು. ಅಷ್ಟರಲ್ಲಿ ನೋಡಬೇಕೆಂದಿದ್ದ ಧಾರಾವಾಹಿ ಜಾಹೀರಾತಿನ ಸಮೇತ ಮುಗಿದಿರುತ್ತದೆ!

ಹಳೆಯ ಕೇಬಲ್ ಕಾಲದಲ್ಲಿ ಗುಂಡಿ ಒತ್ತಿದ ಕೂಡಲೇ ಚಾನೆಲ್ ಬದಲಾಗುತ್ತಿತ್ತು. ಈಗ ಒಂದೆರಡು ಸೆಕೆಂಡ್ ಪರದೆ ಕಪ್ಪಾಗುತ್ತದೆ. ಸೆಟ್‌ಟಾಪ್ ಬಾಕ್ಸ್ ಕೆಟ್ಟಿದೆ ಎಂದುಕೊಳ್ಳಬೇಡಿ. ಡಿಜಿಟಲ್ ಪ್ರಸಾರದಲ್ಲಿ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಕಳುಹಿಸುವುದಿಲ್ಲ. ಆಗಾಗ ಒಂದು ಪೂರ್ಣ ಚಿತ್ರ, ನಡುವೆ ಅದರಲ್ಲಿ ಏನೇನು ಬದಲಾಯಿತು ಎಂಬ ವಿವರ ಮಾತ್ರ. ನೀವು ಚಾನೆಲ್ ಬದಲಿಸಿದಾಗ ಬಾಕ್ಸ್ ಮುಂದಿನ ಪೂರ್ಣ ಚಿತ್ರ ಬರುವವರೆಗೆ ಕಾಯಲೇಬೇಕು. ಹೀಗೆ ಜಾಗ ಉಳಿಸಿದ್ದರಿಂದಲೇ ಒಂದೇ ತಂತಿಯಲ್ಲಿ ಇಷ್ಟೊಂದು ಚಾನೆಲ್ ತುರುಕಲು ಸಾಧ್ಯವಾಗಿದ್ದು.

ಅಷ್ಟು ಚಾನೆಲ್‌ಗಳಲ್ಲಿ ನಾವು ನೋಡುವುದೆಷ್ಟು? ಅಮೆರಿಕದಲ್ಲಿ ನೀಲ್ಸನ್ ಸಂಸ್ಥೆ ಅಳೆದ ಪ್ರಕಾರ 2008ರಲ್ಲಿ ಅಲ್ಲಿನ ಮನೆಗೆ ಸರಾಸರಿ 129 ಚಾನೆಲ್ ಬರುತ್ತಿತ್ತು, ನೋಡುತ್ತಿದ್ದದ್ದು 17. 2013ರ ಹೊತ್ತಿಗೆ ಬರುವ ಚಾನೆಲ್ 189ಕ್ಕೆ ಏರಿತು. ನೋಡುವುದು? ಆಗಲೂ 17.

ಈ ವಿಷಯ ಬಂದಾಗ "ಆಯ್ಕೆ ಜಾಸ್ತಿಯಾದರೆ ಮೆದುಳು ಸ್ತಬ್ಧವಾಗುತ್ತದೆ, ವಿಜ್ಞಾನಿಗಳೇ ಹೇಳಿದ್ದಾರೆ" ಎಂಬ ಮಾತು ಕೇಳಿಬರುತ್ತದೆ. ಇದರ ಮೂಲ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಪ್ರಯೋಗ. ಕ್ಯಾಲಿಫೋರ್ನಿಯಾದ ಒಂದು ಅಂಗಡಿಯಲ್ಲಿ 24 ಬಗೆಯ ಜಾಮ್ ಇಟ್ಟಾಗ ಜನ ಹೆಚ್ಚು ನಿಂತರು, ಆದರೆ ನಿಂತವರಲ್ಲಿ ಕೊಂಡವರು ಶೇಕಡಾ 3 ಮಾತ್ರ. 6 ಬಗೆ ಇಟ್ಟಾಗ ಶೇಕಡಾ 30 ಮಂದಿ ಕೊಂಡರು.

ಇದು ನಿಜ, ಆದರೆ ಅರ್ಧ ಕಥೆ. ಇಂಥ 50 ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ 2010ರಲ್ಲಿ ಲೆಕ್ಕ ಹಾಕಿದಾಗ ಸರಾಸರಿ ಪರಿಣಾಮ ಹತ್ತಿರ ಹತ್ತಿರ ಸೊನ್ನೆ! ಕೆಲವು ಕಡೆ ಹೆಚ್ಚು ಆಯ್ಕೆ ತೊಂದರೆ ಕೊಟ್ಟಿತ್ತು, ಕೆಲವು ಕಡೆ ಒಳ್ಳೆಯದನ್ನೇ ಮಾಡಿತ್ತು. ತನಗೆ ಏನು ಬೇಕೆಂದು ಮೊದಲೇ ಗೊತ್ತಿಲ್ಲದವರಿಗೆ, ಹೋಲಿಸಿ ನೋಡುವುದು ಕಷ್ಟವಾದಾಗ ತಲೆ ಬಿಸಿಯಾಗುವುದು ಹೆಚ್ಚು ಎಂದು ಆಮೇಲಿನ ಅಧ್ಯಯನಗಳು ಹೇಳಿದವು. ರಾತ್ರಿ ಊಟ ಮಾಡಿ "ಏನಾದರೂ ನೋಡೋಣ" ಎಂದು ಕೂರುವವರ ಸ್ಥಿತಿ ಇದೇ ಅಲ್ಲವೇ? ಕ್ರಿಕೆಟ್ ನೋಡಲೆಂದೇ ಕೂತವರಿಗೆ 400 ಚಾನೆಲ್ ಇದ್ದರೂ ಒಂದೇ, 4 ಇದ್ದರೂ ಒಂದೇ.

ಸಮಯ ಹೋದರೆ ಹೋಗಲಿ, ದುಡ್ಡಿನ ವಿಷಯವೂ ಇದೆ. 2019ರಿಂದ ಟ್ರಾಯ್ ನಿಯಮದಂತೆ ಬೇಕಾದ ಚಾನೆಲ್ ಮಾತ್ರ ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಮಗಿದೆ. ತಮಾಷೆ ಏನೆಂದರೆ, ನೂರಾರು ಹೆಸರಿನ ಪಟ್ಟಿಯಲ್ಲಿ ಒಂದೊಂದೇ ಆರಿಸುವುದೂ ಆ ಜಾಮ್ ಮೇಜಿನ ಮುಂದೆ ನಿಂತ ಹಾಗೆಯೇ. ಬೇಸತ್ತು ಪ್ಯಾಕ್‌ಗೆ ಹೂಂ ಅಂದುಬಿಡುತ್ತೇವೆ, ಮನೆಯಲ್ಲಿ ಯಾರಿಗೂ ಬಾರದ ಭಾಷೆಯ ಚಾನೆಲ್ ಕೂಡ ಬಂದು ಕೂರುತ್ತದೆ.

ಹಾಗೆಂದು ಕಂಡದ್ದನ್ನೆಲ್ಲಾ ತೆಗೆಸಿದರೆ ಬಿಲ್ ಇಳಿಯುವುದಿಲ್ಲ. ಉಚಿತ ಚಾನೆಲ್ ತೆಗೆಸಿದರೆ ಅದರ ಬೆಲೆಯೆಂದು ಉಳಿಯುವುದು ಏನೂ ಇಲ್ಲ, ಹಣ ಕೊಡುವ ಚಾನೆಲ್‌ಗಳನ್ನು ನೋಡಬೇಕು. ಕೆಲವೊಮ್ಮೆ ನಾಲ್ಕೈದು ಚಾನೆಲ್ ಬಿಡಿಯಾಗಿ ಕೊಳ್ಳುವುದಕ್ಕಿಂತ ಪ್ಯಾಕೇ ಅಗ್ಗ. ಒಂದು ವಾರ ಮನೆಯವರೆಲ್ಲಾ ಯಾವ ಯಾವ ಚಾನೆಲ್ ನೋಡಿದರು ಎಂದು ಕ್ಯಾಲೆಂಡರ್ ಹಿಂದೆ ಬರೆದಿಡಿ. ಚಾನೆಲ್‌ಗಳ ಬೆಲೆ ತಿಳಿಯಲು 999ನೇ ನಂಬರ್ ಒತ್ತಿ ನೋಡಿ, ಕೂಡಿಸಿ, ನಿಮ್ಮ ಪ್ಯಾಕ್ ಜೊತೆ ಹೋಲಿಸಿ, ಆಮೇಲೆ ಕೇಬಲ್‌ನವರಿಗೆ ಫೋನ್ ಮಾಡಿ.