ಅಪಸ್ಮಾರ: ಸೆಳವನ್ನು ತಡೆಯುವ ಔಷಧಗಳ ಶೋಧ

ಸ್ಮೃತಿಯು ತಪ್ಪಿಹೋಗುವ ವ್ಯಾಧಿಯಾದುದರಿಂದ ಮೂರ್ಛೆರೋಗವನ್ನು ಆಯುರ್ವೇದವು ಅಪಸ್ಮಾರವೆಂದು ಕರೆಯಿತು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇದಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಆದರೂ ನಮ್ಮಲ್ಲಿಗೆ ಬರುವ ಕೆಲವರು ಇದನ್ನು ದೆವ್ವದ ಕಾಟವೆಂದೇ ನಂಬಿರುತ್ತಾರೆ. ಮತ್ತೆ ಕೆಲವರು ‘ಇಂಗ್ಲಿಷ್ ಗುಳಿಗೆ ಬಿಡಿಸಿ, ನಿಮ್ಮ ಔಷಧ ಕೊಡಿ’ ಎಂದು ಕೇಳುತ್ತಾರೆ. ಆ ಗುಳಿಗೆಗಳು ಹೇಗೆ ಬಂದವು, ಏನು ಮಾಡುತ್ತವೆ ಎಂಬುದನ್ನು ಸದ್ಭಕ್ತರು ಅರಿತಿರುವುದು ಒಳಿತು.

ಮಿದುಳಿನ ನರಕೋಶಗಳು ಸೂಕ್ಷ್ಮ ವಿದ್ಯುತ್ ಸಂಕೇತಗಳಿಂದ ಕಾರ್ಯನಿರ್ವಹಿಸುತ್ತವೆ. ಗ್ಲುಟಮೇಟ್ ಎಂಬ ರಾಸಾಯನಿಕವು ಅವನ್ನು ಉದ್ರೇಕಿಸುತ್ತದೆ. ಗಾಬಾ ಎಂಬುದು ಶಮನಗೊಳಿಸುತ್ತದೆ. ಈ ಸಮತೋಲವು ಕೆಟ್ಟು ಅಸಂಖ್ಯ ಕೋಶಗಳು ಒಮ್ಮೆಗೇ ಮಿಡಿದಾಗ ಸೆಳವು ಉಂಟಾಗುತ್ತದೆ.

ನಿದ್ರೆಯ ಔಷಧವಾದ ಫಿನೋಬಾರ್ಬಿಟಾಲ್ ಸೆಳವನ್ನೂ ತಡೆಯುವುದೆಂದು 1912ರಲ್ಲಿ ಜರ್ಮನಿಯ ವೈದ್ಯ ಹಾಪ್ಟ್‌ಮನ್ ಕಂಡುಕೊಂಡರು. ಆದರೆ ರೋಗಿಗೆ ಮಂಪರು ಕವಿಯುತ್ತಿತ್ತು. ಮಂಪರಿಲ್ಲದ ಔಷಧವನ್ನರಸಿ ಅಮೆರಿಕದ ಬಾಸ್ಟನ್ನಿನಲ್ಲಿ ಮೆರಿಟ್ ಮತ್ತು ಪುಟ್ನಮ್ ಎಂಬ ವೈದ್ಯರು ಬೆಕ್ಕುಗಳಿಗೆ ವಿದ್ಯುತ್ತಿನಿಂದ ಸೆಳವು ಬರಿಸಿ, ಒಂದೊಂದೇ ಸಂಯುಕ್ತವನ್ನು ಪರೀಕ್ಷಿಸಿದರು. 1908ರಲ್ಲಿಯೇ ತಯಾರಾಗಿದ್ದ ಫೆನಿಟಾಯಿನ್ ಹೀಗೆ 1938ರಲ್ಲಿ ಔಷಧವಾಯಿತು. ಅದು ನರಕೋಶದ ಸೋಡಿಯಂ ದ್ವಾರಗಳನ್ನು ತಡೆದು ಅತಿಮಿಡಿತವನ್ನು ಅಡಗಿಸುತ್ತದೆ.

ವಾಲ್‌ಪ್ರೊಯೇಟ್ ದೊರೆತದ್ದು ಆಕಸ್ಮಿಕವಾಗಿ. 1882ರಿಂದಲೂ ತಿಳಿದಿದ್ದ ವಾಲ್‌ಪ್ರೊಯಿಕ್ ಆಮ್ಲವನ್ನು ಇತರ ಸಂಯುಕ್ತಗಳನ್ನು ಕರಗಿಸಲು ಬಳಸುತ್ತಿದ್ದರು. 1962ರಲ್ಲಿ ಫ್ರಾನ್ಸಿನಲ್ಲಿ, ಅದರಲ್ಲಿ ಯಾವುದನ್ನು ಕರಗಿಸಿ ಕೊಟ್ಟರೂ ಸೆಳವು ನಿಲ್ಲುವುದು ಕಂಡುಬಂದಿತು, ಗುಣವಿದ್ದುದು ದ್ರಾವಕದಲ್ಲಿಯೇ! ಮುಂದೆ, ಗಾಬಾವನ್ನು ಒಡೆಯುವ ಕಿಣ್ವವನ್ನು ತಡೆಯಲೆಂದೇ ವಿಗಾಬಾಟ್ರಿನ್ ರೂಪುಗೊಂಡಿತು. ಆದರೆ ಅದು ದೃಷ್ಟಿಯ ವ್ಯಾಪ್ತಿಯನ್ನು ಕುಗ್ಗಿಸಬಲ್ಲದು. ಗಾಬಾವನ್ನು ಹೋಲುವಂತೆ ರಚಿಸಿದ ಗಾಬಾಪೆಂಟಿನ್, ನಿರೀಕ್ಷೆಗೆ ಹೊರತಾಗಿ, ಕ್ಯಾಲ್ಸಿಯಂ ದ್ವಾರಗಳ ಮೇಲೆ ವರ್ತಿಸುವುದೆಂದು ತಿಳಿದುಬಂದಿತು.

ಇವೆಲ್ಲವೂ ಸೆಳವನ್ನು ತಡೆಯುತ್ತವೆಯೇ ಹೊರತು ರೋಗದ ಬೇರನ್ನು ಕೀಳುವುದಿಲ್ಲ. ಆದಕಾರಣ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಎಡೆಬಿಡದ ಸೆಳವು ತೊಡಗಿ ಪ್ರಾಣಕ್ಕೇ ಎರವಾಗಬಹುದು. ವಾಲ್‌ಪ್ರೊಯೇಟ್ ಗರ್ಭಸ್ಥ ಶಿಶುವಿಗೆ ಹಾನಿಮಾಡಬಲ್ಲದು. ಅದನ್ನು ಸೇವಿಸುವ ತಾಯಂದಿರು ಗರ್ಭ ಧರಿಸುವ ಮೊದಲೇ ನರರೋಗ ತಜ್ಞರನ್ನು ಕಾಣಬೇಕು, ತಾವಾಗಿ ಬಿಡಬಾರದು. ಬ್ರಾಹ್ಮಿಯಂತಹ ಮೂಲಿಕೆಯನ್ನು ಕೊಡುವಾಗಲೂ ನಾವು ಗುಳಿಗೆಯನ್ನು ಬಿಡಿಸುವುದಿಲ್ಲ. ತಜ್ಞರಿಗೆ ತಿಳಿಸಿಯೇ ಸೇವಿಸಿರೆಂದು ಹೇಳುತ್ತೇವೆ.

ಸೆಳವು ಬಂದವರ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ನೀರು ಹಾಕುವುದು ಬೇಡ. ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿರಿ. 5 ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.