ತಾವರೆ ನಮ್ಮ ಹೆಸರಲ್ಲೂ ಇದೆ

ಅಕ್ಕಂದಿರೇ, ನಿಮ್ಮ ಕೇಂದ್ರದ ಹಾಜರಿ ಪುಸ್ತಕ ತೆಗೆದು ಓದಿ. ಕಮಲಮ್ಮ, ಪದ್ಮಮ್ಮ, ಸರೋಜಮ್ಮ, ಪಂಕಜಮ್ಮ ಅಂತ ಯಾರಾದರೂ ಇದ್ದಾರಾ? ಈ ಹೆಸರುಗಳಿಗೆಲ್ಲ ಅರ್ಥ ಒಂದೇ, ತಾವರೆ. ಸರೋಜ ಅಂದರೆ ಕೆರೆಯಲ್ಲಿ ಹುಟ್ಟಿದ್ದು. ಪಂಕ ಅಂದರೆ ಕೆಸರು. ಪಂಕಜ ಅಂದರೆ ಕೆಸರಲ್ಲಿ ಹುಟ್ಟಿದ್ದು.

ನಮ್ಮ ಶಿವಗಂಗೆ ಬೆಟ್ಟದಲ್ಲಿ ಹುಟ್ಟುವ ಹೊಳೆಯ ಹೆಸರು ಕುಮುದ್ವತಿ. ಕುಮುದ ಅಂದರೆ ಬಿಳಿ ನೈದಿಲೆ. ಅದೂ ತಾವರೆಯ ಹಾಗೆ ನೀರಲ್ಲಿ ಅರಳುವ ಹೂವು. ಕುಮುದ್ವತಿ ಅಂದರೆ ನೈದಿಲೆ ಇರುವ ಹೊಳೆ. ಈಗ ಆ ಹೊಳೆಯಲ್ಲಿ ವರ್ಷವಿಡೀ ನೀರು ಹರಿಯುವುದಿಲ್ಲ. ಹೆಸರು ಮಾತ್ರ ಉಳಿದಿದೆ.

ತಾವರೆಯ ಬೇರು ಕೆಸರಲ್ಲಿ ಇರುತ್ತೆ. ಆದರೆ ಎಲೆಗೆ ಕೆಸರು ಅಂಟುವುದಿಲ್ಲ. ಯಾಕೆ ಗೊತ್ತಾ? ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ. ಅವುಗಳ ಮೇಲೆ ಮೇಣ ಇದೆ. ಹಾಗಾಗಿ ನೀರು ಹನಿಹನಿಯಾಗಿ ಉರುಳುತ್ತೆ. ಉರುಳುವಾಗ ದೂಳನ್ನೂ ಕೊಂಡೊಯ್ಯುತ್ತೆ.

ಕೆಸರಲ್ಲಿ ಹುಟ್ಟಿದರೂ ತಾವರೆ ಶುದ್ಧ. ಇದನ್ನು ನೋಡಿ ಎಷ್ಟೋ ಧರ್ಮದವರು ಅದಕ್ಕೆ ಗೌರವ ಕೊಟ್ಟರು. ಲಕ್ಷ್ಮಿ ಕೂರುವುದು ತಾವರೆಯ ಮೇಲೆ. ಬುದ್ಧನ ಮೂರ್ತಿಗೂ ತಾವರೆಯ ಪೀಠ. ಜೈನರ ಆರನೆಯ ತೀರ್ಥಂಕರ ಪದ್ಮಪ್ರಭನ ಗುರುತು ತಾವರೆ. ವಿಜಯಪುರದ ಗೋಲಗುಮ್ಮಟ ಒಬ್ಬ ಮುಸ್ಲಿಂ ದೊರೆಯ ಸಮಾಧಿ. ಅದರ ಗುಮ್ಮಟದ ಬುಡದಲ್ಲಿ ಸುತ್ತಲೂ ತಾವರೆಯ ದಳಗಳಿವೆ. ಬಹಾಯಿ ಧರ್ಮದವರು 1986ರಲ್ಲಿ ದೆಹಲಿಯಲ್ಲಿ ತಾವರೆ ಆಕಾರದ ಮಂದಿರವನ್ನೇ ಕಟ್ಟಿದರು. ಅಲ್ಲಿಗೆ ಯಾವ ಜಾತಿ, ಧರ್ಮದವರು ಬೇಕಾದರೂ ಹೋಗಬಹುದು.

ಹುಟ್ಟಿದ ಜಾಗ ನೋಡಿ ಯಾರನ್ನೂ ಕೀಳು ಅನ್ನಬಾರದು. ತಾವರೆ ಹೇಳುವುದು ಇದನ್ನೇ ಅಲ್ಲವೇ?

ತಾವರೆ ಬೀಜದ ತಾಳ್ಮೆಯೂ ದೊಡ್ಡದು. ಚೀನಾ ದೇಶದಲ್ಲಿ ಒಣಗಿಹೋದ ಒಂದು ಕೆರೆಯ ತಳದಲ್ಲಿ ಹಳೆಯ ಬೀಜಗಳು ಸಿಕ್ಕಿದವು. ಅವುಗಳಲ್ಲಿ ಒಂದಕ್ಕೆ ಸುಮಾರು 1300 ವರ್ಷ! ನೀರು ಸಿಕ್ಕಿದಾಗ ಅದೂ ಮೊಳೆಯಿತು. ವಿಜ್ಞಾನಿಗಳು 1995ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು.

"ಈ ವಯಸ್ಸಲ್ಲಿ ನಿನಗ್ಯಾಕೆ ಓದು?" ಅಂತ ಕೇಳುವವರು ಇದ್ದಾರೆ. ಅವರಿಗೆ ಈ ಬೀಜದ ಕತೆ ಓದಿ ಹೇಳೋಣ. ಒಳಗೆ ಜೀವ ಇದ್ದರೆ ತಡವಾದರೂ ಮೊಳೆಯಬಹುದು. ಆದರೆ ನೀರು ಬೇಕು. ಹೂವಿಗೆ ಕೆರೆ ಬೇಕು, ನಮಗೆ ಕಲಿಕೆ ಬೇಕು. ಎರಡನ್ನೂ ಒಣಗಲು ಬಿಡಬಾರದು.

ನಿಮ್ಮೂರ ಕೆರೆಯಲ್ಲಿ ತಾವರೆ ಇದೆಯಾ? ಮೊದಲು ಇತ್ತಾ? ಊರಿನ ಅಜ್ಜಿಯರನ್ನು ಕೇಳಿ. ಅವರು ಹೇಳಿದ್ದನ್ನು ನಾಲ್ಕು ಸಾಲು ಬರೆಯಿರಿ.